ವಾರಕ್ಕೆ ಬರೀ 22 ಡಾಲರ್!

ಅಮೆರಿಕದ ಸಣ್ಣ ಪಟ್ಟಣಗಳಲ್ಲಿ ಹೆದ್ದಾರಿ ಪಕ್ಕ ಒಂದು ಅಂಗಡಿಸಾಲು ಇರುತ್ತದೆ. ಕಾಸು ಹಾಕಿ ಬಟ್ಟೆ ಒಗೆದುಕೊಳ್ಳುವ ಲಾಂಡ್ರಿ, ಅಗ್ಗದ ಸಾಮಾನಿನ ಡಾಲರ್ ಸ್ಟೋರ್, ಸಂಬಳದ ಚೆಕ್ಕನ್ನು ಕಮಿಷನ್ ಮುರಿದುಕೊಂಡು ನಗದು ಮಾಡಿಕೊಡುವ ಕಿಟಕಿ. ಅವುಗಳ ಮಗ್ಗುಲಲ್ಲೇ ಸೋಫಾ, ಟಿ.ವಿ., ಫ್ರಿಜ್ಜು, ಹಾಸಿಗೆಗಳನ್ನು ಗಾಜಿನ ಹಿಂದೆ ಜೋಡಿಸಿಟ್ಟ ದೊಡ್ಡ ಮಳಿಗೆ. ‘ಕ್ರೆಡಿಟ್ ಇಲ್ಲವೇ? ಚಿಂತೆಯಿಲ್ಲ’ ಎಂಬರ್ಥದ ಫಲಕ ಬಾಗಿಲಲ್ಲೇ ಸ್ವಾಗತಿಸುತ್ತದೆ. ಫ್ರಿಜ್ಜಿಗೆ ಅಂಟಿಸಿದ ಚೀಟಿಯಲ್ಲಿ ಕಣ್ಣಿಗೆ ರಾಚುವುದು ಒಂದೇ ಅಂಕಿ: ವಾರಕ್ಕೆ ಎಷ್ಟು. ಎಷ್ಟು ವಾರ, ಒಟ್ಟು ಎಷ್ಟು ಎಂಬುದನ್ನೂ ತಿಳಿಸಬೇಕೆಂದು ಬಹುತೇಕ ರಾಜ್ಯಗಳ ಕಾನೂನು ಹೇಳುವುದರಿಂದ ಅದೂ ಸಣ್ಣಕ್ಷರದಲ್ಲಿ ಎಲ್ಲೋ ಇರುತ್ತದೆ. ಬಡ್ಡಿ ದರ ಮಾತ್ರ ಎಲ್ಲಿ ಹುಡುಕಿದರೂ ಸಿಗುವುದಿಲ್ಲ.

ಇವು ‘ರೆಂಟ್ ಟು ಓನ್’ ಅಂಗಡಿಗಳು. ವಾರವಾರ ಬಾಡಿಗೆ ಕಟ್ಟುತ್ತ ಹೋದರೆ ಕೊನೆಯ ಕಂತು ಮುಗಿದ ದಿನ ವಸ್ತು ಸ್ವಂತದ್ದಾಗುತ್ತದೆ. ನಡುವೆ ಬೇಡವೆನಿಸಿದರೆ ಯಾವಾಗ ಬೇಕಾದರೂ ಮರಳಿಸಬಹುದು, ಉಳಿದ ಕಂತುಗಳ ಹೊಣೆ ಇಲ್ಲ. ದೊಡ್ಡ ಮುಂಗಡ ಬೇಕಿಲ್ಲ, ಬ್ಯಾಂಕಿನ ಸಹಿ ಬೇಕಿಲ್ಲ. ಸಂಬಳದ ಚೀಟಿ, ಮನೆ ವಿಳಾಸದ ದಾಖಲೆ, ನಾಲ್ಕಾರು ನೆಂಟರಿಷ್ಟರ ಫೋನ್ ನಂಬರು ಕೊಟ್ಟರೆ ಸಾಮಾನು ಬೇಗನೆ ಮನೆಗೇ ಬಂದಿಳಿಯುತ್ತದೆ. ಆ ಫೋನ್ ನಂಬರುಗಳು ಯಾತಕ್ಕೆ ಎಂಬುದು ಕಂತು ತಪ್ಪಿದ ವಾರ ತಿಳಿಯುತ್ತದೆ.

ಈ ವ್ಯಾಪಾರ ಹೊಸದಲ್ಲ. ಚಾರ್ಲ್ಸ್ ಲೌಡರ್‌ಮಿಲ್ಕ್ ಎಂಬಾತ 1955ರಲ್ಲಿ ಅಟ್ಲಾಂಟಾದಲ್ಲಿ ಸಭೆ ಸಮಾರಂಭಗಳಿಗೆ ಕುರ್ಚಿ ಬಾಡಿಗೆ ಕೊಡುತ್ತ ಶುರು ಮಾಡಿದ ‘ಆ್ಯರನ್ಸ್’ ಮುಂದೆ ಈ ಕ್ಷೇತ್ರದ ದೊಡ್ಡ ಹೆಸರಾಯಿತು. ಅದರ ಪ್ರತಿಸ್ಪರ್ಧಿ ‘ರೆಂಟ್-ಎ-ಸೆಂಟರ್’ 1973ರಲ್ಲಿ ಕ್ಯಾನ್ಸಸ್ ರಾಜ್ಯದ ವಿಚಿಟಾದಲ್ಲಿ ಹುಟ್ಟಿತು. ಇಂದು ಅದರ ಮಾತೃ ಕಂಪನಿಗೆ ‘ಅಪ್‌ಬೌಂಡ್’ ಎಂಬ ಹೊಸ ಹೆಸರು, ಟೆಕ್ಸಸ್‌ನಲ್ಲಿ ಮುಖ್ಯ ಕಚೇರಿ.

ಗುಣಾಕಾರ ಮಾಡಿ ನೋಡಿದರೆ

ಲೆಕ್ಕ ತಿಳಿಯಲು ಒಂದು ಕಾಲ್ಪನಿಕ ಫ್ರಿಜ್ಜು ತೆಗೆದುಕೊಳ್ಳೋಣ. ಪೇಟೆಯಲ್ಲಿ ಅದರ ಬೆಲೆ 600 ಡಾಲರ್. ಬಾಡಿಗೆ ಮಳಿಗೆಯಲ್ಲಿ ವಾರಕ್ಕೆ 22 ಡಾಲರ್, 78 ವಾರ, ಅಂದರೆ ಒಂದೂವರೆ ವರ್ಷ. ಒಟ್ಟು 1,716 ಡಾಲರ್. ಇದನ್ನೇ ಸಾಲವೆಂದು ಲೆಕ್ಕ ಹಾಕಿದರೆ ಬಡ್ಡಿ ವರ್ಷಕ್ಕೆ ಸುಮಾರು ಶೇ 177 ಆಗುತ್ತದೆ. ವಸ್ತು ಕೆಟ್ಟರೆ, ಕಳುವಾದರೆ ಇರಲಿ ಎಂದು ವಾರಕ್ಕೆ 2 ಡಾಲರಿನ ‘ರಕ್ಷಣೆ’ ಶುಲ್ಕ ಸೇರಿಸಿದರೆ ಇನ್ನೂ 156 ಡಾಲರ್ ಏರುತ್ತದೆ. ತೆರಿಗೆ, ತಡವಾದರೆ ದಂಡ ಇವೆಲ್ಲ ಬೇರೆ.

ಅದೇ 22 ಡಾಲರನ್ನು ವಾರವಾರ ಡಬ್ಬಿಗೆ ಹಾಕಿದ್ದರೆ 28ನೇ ವಾರಕ್ಕೆ ಫ್ರಿಜ್ಜನ್ನು ನಗದು ಕೊಟ್ಟೇ ತರಬಹುದಿತ್ತು. ಉಳಿದ 50 ವಾರಗಳ ಹಣ ಕೈಯಲ್ಲೇ ಉಳಿಯುತ್ತಿತ್ತು. ಕಾಗದದ ಮೇಲೆ ಈ ಬುದ್ಧಿವಾದ ಸರಿಯೇ. ಆದರೆ ಮನೆಯಲ್ಲಿ ಎಳೆಯ ಮಗು ಇದ್ದು, ಹಳೆಯ ಫ್ರಿಜ್ಜು ಜುಲೈ ತಿಂಗಳಲ್ಲಿ ಕೆಟ್ಟು ಕೂತಿದ್ದರೆ ಹಾಲು, ಮಾಂಸ, ಮಗುವಿನ ಔಷಧವನ್ನು 28 ವಾರ ಎಲ್ಲಿಡುವುದು? ವಾಷಿಂಗ್ ಮಷಿನ್ ಇಲ್ಲದವರು ವಾರವಾರ ಲಾಂಡ್ರಿಗೆ ಸುರಿಯುವ ಕಾಸೂ ಖರ್ಚೇ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎನ್ನುವುದು ನಮ್ಮಲ್ಲಿ ಸಾಲಗಾರನಿಗೆ ಸಿಗುವ ಮೊದಲ ಉಪದೇಶ. ಈ ಮಳಿಗೆಗಳ ಗಿರಾಕಿಗಳಿಗೆ ಆ ಹಾಸಿಗೆಯೇ ಬಾಡಿಗೆಯದು.

ಇನ್ನೊಂದು ಸೂಕ್ಷ್ಮವಿದೆ. ‘ಇಷ್ಟು ದಿನದೊಳಗೆ ಪೂರ್ತಿ ಕಟ್ಟಿದರೆ ನಗದು ಬೆಲೆಗೇ ಕೊಡುತ್ತೇವೆ’ ಎಂಬ ಕೊಡುಗೆ ಈ ಅಂಗಡಿಗಳಲ್ಲಿ ಸಾಮಾನ್ಯ. ಕೇಳಲು ಚೆನ್ನ. ಆದರೆ ಆ ‘ನಗದು ಬೆಲೆ’ಯನ್ನು ನಿಗದಿ ಮಾಡುವವನೂ ಅಂಗಡಿಯವನೇ. ಪಕ್ಕದ ಬೀದಿಯಲ್ಲಿ 600ಕ್ಕೆ ಸಿಗುವುದಕ್ಕೆ ಇಲ್ಲಿ 900 ಎಂದು ಬರೆದಿದ್ದರೆ, ಬಡ್ಡಿ ಶುರುವಾಗುವ ಮೊದಲೇ ಗಿರಾಕಿ ಅರ್ಧ ಸೋತಿರುತ್ತಾನೆ. ಇದನ್ನು ತಡೆಯಲೆಂದೇ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ರಾಜ್ಯಗಳು ನಗದು ಬೆಲೆಗೂ ಮಿತಿ ಹಾಕಿ, ಒಟ್ಟು ಬಾಡಿಗೆ ಅದರ 2.25 ಪಟ್ಟು ಮೀರಬಾರದು ಎಂದಿವೆ. ಮಿತಿ ಹಾಕಿದ ಮೇಲೂ ಎರಡೂಕಾಲು ಪಟ್ಟು ಎಂಬುದನ್ನು ಗಮನಿಸಬೇಕು.

ಹೆಸರು ಬಾಡಿಗೆ, ನಡೆ ಸಾಲದ್ದು

ಬಡವರು ಹೆಚ್ಚು ತೆರುತ್ತಾರೆ ಎಂಬುದನ್ನು ಅಮೆರಿಕಕ್ಕೆ ಲೆಕ್ಕ ಸಮೇತ ತೋರಿಸಿದವರಲ್ಲಿ ಸಮಾಜಶಾಸ್ತ್ರಜ್ಞ ಡೇವಿಡ್ ಕ್ಯಾಪ್ಲೋವಿಟ್ಜ್ ಪ್ರಮುಖರು. ನ್ಯೂಯಾರ್ಕಿನ ಬಡ ಕುಟುಂಬಗಳ ಖರೀದಿಯನ್ನು ಅಧ್ಯಯನ ಮಾಡಿ ಅವರು ಬರೆದ ‘ದ ಪೂರ್ ಪೇ ಮೋರ್’ ಪುಸ್ತಕ 1963ರಲ್ಲಿ ಬಂತು. ಎರಡು ವರ್ಷಗಳ ಬಳಿಕ, 1965ರಲ್ಲಿ, ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯದ ಮುಂದೆ ‘ವಾಕರ್-ಥಾಮಸ್’ ಎಂಬ ಪೀಠೋಪಕರಣ ಅಂಗಡಿಯ ಪ್ರಕರಣ ಬಂತು. ಸರ್ಕಾರ ಕೊಡುವ ತಿಂಗಳ 218 ಡಾಲರಿನಲ್ಲಿ ಏಳು ಮಕ್ಕಳನ್ನು ಸಾಕುತ್ತಿದ್ದ ತಾಯಿಯೊಬ್ಬಳು 1957ರಿಂದ ಅಲ್ಲಿ ಕಂತಿನ ಮೇಲೆ ಸಾಮಾನು ಕೊಳ್ಳುತ್ತ ಬಂದಿದ್ದಳು. 1962ರಲ್ಲಿ 514.95 ಡಾಲರಿನ ಸ್ಟೀರಿಯೊ ಒಂದನ್ನು ತಂದಳು, ಕಂತು ತಪ್ಪಿತು. ಅಂಗಡಿಯವರು ಸ್ಟೀರಿಯೊ ಒಂದನ್ನೇ ಕೇಳಲಿಲ್ಲ, ಐದು ವರ್ಷಗಳಲ್ಲಿ ಕೊಂಡ ಎಲ್ಲವನ್ನೂ ಕೇಳಿದರು. ಕಟ್ಟಿದ ಪ್ರತಿ ಕಂತನ್ನೂ ಹಳೆಯದು ಹೊಸದು ಎನ್ನದೆ ಎಲ್ಲ ವಸ್ತುಗಳ ಬಾಕಿಗೂ ಹಂಚುವಂತೆ ಕರಾರು ಬರೆದಿದ್ದರು. ಹಾಗಾಗಿ ಪೂರ್ತಿ ಸಾಲ ತೀರುವವರೆಗೆ ಒಂದೇ ಒಂದು ವಸ್ತುವೂ ಅವಳದಾಗುವಂತಿರಲಿಲ್ಲ. ಇಂಥ ಅನ್ಯಾಯದ ಕರಾರನ್ನು ನ್ಯಾಯಾಲಯ ಜಾರಿ ಮಾಡಬೇಕಿಲ್ಲ ಎಂದು ನ್ಯಾಯಾಧೀಶ ಸ್ಕೆಲ್ಲಿ ರೈಟ್ ಬರೆದ ತೀರ್ಪನ್ನು ಇಂದಿಗೂ ಅಮೆರಿಕದ ಕಾನೂನು ವಿದ್ಯಾರ್ಥಿಗಳು ಮೊದಲ ವರ್ಷದಲ್ಲೇ ಓದುತ್ತಾರೆ.

1968ರಲ್ಲಿ ಸಾಲದ ಸತ್ಯ ತಿಳಿಸುವ ಕೇಂದ್ರ ಕಾನೂನು ಬಂತು. ಸಾಲ ಕೊಡುವವನು ಯಾರೇ ಆಗಿರಲಿ, ಎಲ್ಲ ಶುಲ್ಕ ಸೇರಿಸಿ ವಾರ್ಷಿಕ ದರ ಎಷ್ಟೆಂದು ಒಂದೇ ಅಂಕಿಯಲ್ಲಿ ತೋರಿಸಬೇಕು. ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಬಾಡಿಗೆ ಮಳಿಗೆಗಳು ಈ ಕಾನೂನಿನ ಕೈಗೆ ಸಿಗಲಿಲ್ಲ. ಗಿರಾಕಿ ಯಾವಾಗ ಬೇಕಾದರೂ ವಸ್ತು ಮರಳಿಸಬಹುದು, ಆದ್ದರಿಂದ ಅವನ ಮೇಲೆ ಸಾಲವೇ ಇಲ್ಲ, ಸಾಲವೇ ಇಲ್ಲದ ಮೇಲೆ ಬಡ್ಡಿ ಎಲ್ಲಿಯದು ಎಂಬುದು ಅವರ ವಾದ. 1980ರಲ್ಲಿ ಸಂಘ ಕಟ್ಟಿಕೊಂಡ ಈ ವ್ಯಾಪಾರಿಗಳು ಒಂದೊಂದೇ ರಾಜ್ಯದ ಶಾಸನಸಭೆಯ ಮುಂದೆ ಈ ವಾದ ಇಟ್ಟು ಗೆಲ್ಲುತ್ತ ಹೋದರು. ಇಂದು ಅಮೆರಿಕದ ಬಹುತೇಕ ಎಲ್ಲ ರಾಜ್ಯಗಳಲ್ಲೂ ಇದು ಕಾನೂನಿನ ಪ್ರಕಾರ ಬಾಡಿಗೆ.

ಒಪ್ಪದ ರಾಜ್ಯಗಳು ಬೆರಳೆಣಿಕೆಯಷ್ಟು. ಇದು ಕಂತಿನ ಮಾರಾಟವೇ ಹೊರತು ಬಾಡಿಗೆಯಲ್ಲ, ರಾಜ್ಯದ ಶೇ 30ರ ಬಡ್ಡಿ ಮಿತಿ ಇದಕ್ಕೂ ಅನ್ವಯ ಎಂದು ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ 2006ರಲ್ಲಿ ರೆಂಟ್-ಎ-ಸೆಂಟರ್ ವಿರುದ್ಧ ತೀರ್ಪು ಕೊಟ್ಟಿತು. ವಿಸ್ಕಾನ್ಸಿನ್ ಕೂಡ ಇದನ್ನು ಸಾಲವೆಂದೇ ನೋಡುತ್ತದೆ. ಅದೇ ಫ್ರಿಜ್ಜು, ಅದೇ ಕಂಪನಿ, ಅದೇ ಗಿರಾಕಿ. ರಾಜ್ಯದ ಗಡಿ ದಾಟಿದರೆ ವ್ಯವಹಾರದ ಹೆಸರು ಬದಲಾಗುತ್ತದೆ, ಹೆಸರಿನ ಜೊತೆಗೆ ಬೆಲೆಯೂ.

ಮರಳಿಸುವ ಸ್ವಾತಂತ್ರ್ಯ ಯಾರಿಗೆ?

ಮಳಿಗೆಯವರ ಪರವಾಗಿಯೂ ಹೇಳಬೇಕಾದ ಮಾತಿದೆ. ಅವರ ಬೆಲೆಯಲ್ಲಿ ಸಾಗಣೆ, ಜೋಡಣೆ, ರಿಪೇರಿ ಎಲ್ಲ ಸೇರಿರುತ್ತದೆ. ಮರಳಿ ಬಂದ ಸೋಫಾವನ್ನು ಒರೆಸಿ ಮತ್ತೊಬ್ಬರಿಗೆ ಕೊಡುವ ಖರ್ಚು, ಸಾಮಾನು ಸಮೇತ ಊರು ಬಿಟ್ಟವರಿಂದಾಗುವ ನಷ್ಟ ಎರಡೂ ಅವರ ತಲೆಯ ಮೇಲೆ. ಕೆಲಸ ಹೋದರೆ ವಸ್ತು ಮರಳಿಸಿ ಕೈ ತೊಳೆದುಕೊಳ್ಳಬಹುದು ಎಂಬುದು ಗಿರಾಕಿಗೆ ನಿಜವಾದ ನೆಮ್ಮದಿ. ಬ್ಯಾಂಕ್ ಸಾಲದಲ್ಲಿ ಅದಿಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ (ಎಫ್‌ಟಿಸಿ) 2000ದಲ್ಲಿ ಪ್ರಕಟಿಸಿದ ಗಿರಾಕಿಗಳ ಸಮೀಕ್ಷೆಯಲ್ಲಿ ಶೇ 75ರಷ್ಟು ಮಂದಿ ತಮಗೆ ತೃಪ್ತಿಯಿದೆ ಎಂದೇ ಹೇಳಿದ್ದರು.

ಆದರೆ ಅದೇ ಸಮೀಕ್ಷೆಯ ಇನ್ನೊಂದು ಅಂಕಿ ‘ಬಾಡಿಗೆ’ ಎಂಬ ವಾದದ ಬುಡವನ್ನೇ ಅಲುಗಿಸುತ್ತದೆ. ಒಯ್ದ ಸಾಮಾನಿನಲ್ಲಿ ಸುಮಾರು ಶೇ 70 ಕೊನೆಗೆ ಗಿರಾಕಿಯ ಸ್ವತ್ತೇ ಆಗಿತ್ತು. ಮೂರರಲ್ಲಿ ಎರಡು ಪಾಲು ಮಂದಿ ಕೊಳ್ಳುವ ಉದ್ದೇಶದಿಂದಲೇ ಮಳಿಗೆಯ ಮೆಟ್ಟಿಲು ಹತ್ತಿದ್ದರು. ಅಂದರೆ ಹೆಚ್ಚಿನವರು ಮರಳಿಸುವ ಸ್ವಾತಂತ್ರ್ಯಕ್ಕೆ ದುಬಾರಿ ದುಡ್ಡು ತೆತ್ತು, ಅದನ್ನು ಬಳಸದೆ ಬಿಟ್ಟರು. ಬಳಸಬೇಕಾಗಿ ಬಂದವರ ಪಾಡು ಇನ್ನೂ ಕಷ್ಟ. ನಮ್ಮ ಉದಾಹರಣೆಯ ಫ್ರಿಜ್ಜನ್ನು 60ನೇ ವಾರದಲ್ಲಿ ಮರಳಿಸಿದವರು 1,320 ಡಾಲರ್ ಕಟ್ಟಿರುತ್ತಾರೆ. ಆ ಹಣಕ್ಕೆ ಪೇಟೆಯಲ್ಲಿ ಎರಡು ಫ್ರಿಜ್ಜು ಬರುತ್ತಿತ್ತು. ಈಗ ಮನೆಯಲ್ಲಿ ಒಂದೂ ಇಲ್ಲ. ಎಷ್ಟೋ ರಾಜ್ಯಗಳಲ್ಲಿ ನಿಗದಿತ ಅವಧಿಯೊಳಗೆ ಬಾಕಿ ಕಟ್ಟಿ ಹಳೆಯ ಕರಾರನ್ನು ಮುಂದುವರಿಸುವ ಹಕ್ಕಿದೆ. ಆದರೆ ಕೆಲಸ ಕಳೆದುಕೊಂಡು ಮರಳಿಸಿದವರಿಗೆ ಆ ಅವಧಿಯಲ್ಲಿ ಹಣ ಎಲ್ಲಿಂದ ಬರಬೇಕು?

ಇಷ್ಟೆಲ್ಲ ಕಟ್ಟಿದರೂ ಗಿರಾಕಿಯ ಕ್ರೆಡಿಟ್ ಸ್ಕೋರ್ ಸುಧಾರಿಸುವುದು ಕಡಿಮೆ. 300ರಿಂದ 850ರವರೆಗಿನ ‘ಫೈಕೊ’ ಎಂಬ ಕ್ರೆಡಿಟ್ ಸ್ಕೋರಿನಲ್ಲಿ 580ಕ್ಕಿಂತ ಕೆಳಗಿದ್ದವರಿಗೆ ಬ್ಯಾಂಕಿನ ಬಾಗಿಲು ಬಹುಪಾಲು ಮುಚ್ಚಿರುತ್ತದೆ. ಬಾಡಿಗೆ ಮಳಿಗೆಗಳು ಗಿರಾಕಿ ತಪ್ಪದೆ ಕಟ್ಟಿದ್ದನ್ನು ಕ್ರೆಡಿಟ್ ಬ್ಯೂರೋಗಳಿಗೆ ಸಾಮಾನ್ಯವಾಗಿ ತಿಳಿಸುವುದಿಲ್ಲ. ಸಾಲವಲ್ಲವಲ್ಲ! ಹೀಗಾಗಿ 78 ವಾರ ಶಿಸ್ತಿನಿಂದ ಕಟ್ಟಿದವರೂ ಮುಂದಿನ ವಾಷಿಂಗ್ ಮಷಿನ್ನಿಗೆ ಅದೇ ಮಳಿಗೆಗೆ ಹೋಗುತ್ತಾರೆ.

ಕಂತು ತಪ್ಪಿದ ಮೇಲೆ

ವಸೂಲಿಯ ಕಥೆಗಳಲ್ಲಿ ಒಂದು ಕಂಪ್ಯೂಟರಿನದು. ಬಾಡಿಗೆಗೆ ಕೊಡುವ ಲ್ಯಾಪ್‌ಟಾಪುಗಳಲ್ಲಿ ಗಿರಾಕಿಗೆ ತಿಳಿಸದೆ ‘ಪಿಸಿ ರೆಂಟಲ್ ಏಜೆಂಟ್’ ಎಂಬ ತಂತ್ರಾಂಶ ಹಾಕಿಟ್ಟಿದ್ದನ್ನು ಎಫ್‌ಟಿಸಿ ಪತ್ತೆ ಮಾಡಿತು. ಕಂತು ನಿಂತರೆ ಯಂತ್ರವನ್ನು ದೂರದಿಂದಲೇ ಬಂದ್ ಮಾಡುವುದು ಅದರ ಒಂದು ಕೆಲಸ. ಇನ್ನೊಂದು ವಿಧಾನ ಚಾಲೂ ಮಾಡಿದರೆ ಗಿರಾಕಿ ಒತ್ತುವ ಪ್ರತಿ ಕೀಲಿಯನ್ನೂ ಅದು ದಾಖಲಿಸುತ್ತಿತ್ತು, ಪರದೆಯ ಚಿತ್ರ ತೆಗೆಯುತ್ತಿತ್ತು, ವೆಬ್‌ಕ್ಯಾಮಿನಿಂದ ಮನೆಯೊಳಗಿನವರ ಫೋಟೊ ಕ್ಲಿಕ್ಕಿಸಿ ಕಳಿಸುತ್ತಿತ್ತು. ತಂತ್ರಾಂಶ ನೋಂದಣಿಯ ಸೋಗಿನ ನಕಲಿ ಕಿಟಕಿ ತೋರಿಸಿ ವಿಳಾಸ, ಫೋನ್ ನಂಬರನ್ನೂ ಕೀಳುತ್ತಿತ್ತು. 2012ರಲ್ಲಿ ತಂತ್ರಾಂಶದ ಕಂಪನಿ ಮತ್ತು ಏಳು ಬಾಡಿಗೆ ಕಂಪನಿಗಳ ಮೇಲೆ, 2013ರಲ್ಲಿ ಆ್ಯರನ್ಸ್ ಮೇಲೆ ಕ್ರಮವಾಯಿತು. ಇಂಥ ಗೂಢಚಾರಿಕೆ ಮತ್ತೆ ಮಾಡುವುದಿಲ್ಲವೆಂಬ ಷರತ್ತಿಗೆ ಒಪ್ಪಿ ಎಲ್ಲರೂ ರಾಜಿಯಾದರು.

ಟೆಕ್ಸಸ್‌ನಲ್ಲಿ ಬೇರೊಂದು ಬಗೆ. ಬಾಡಿಗೆ ವಸ್ತು ಮರಳಿಸದಿದ್ದರೆ ಅದು ‘ಸೇವೆಯ ಕಳ್ಳತನ’ ಎಂಬ ಅಪರಾಧವಾಗಬಲ್ಲದು. ಕಾರು, ಯಂತ್ರ ಬಾಡಿಗೆ ಪಡೆದು ನಾಪತ್ತೆಯಾಗುವವರಿಗೆ ಹೊಂದುವ ಈ ಕಾನೂನನ್ನು ಸೋಫಾ, ಹಾಸಿಗೆಯ ಕಂತು ತಪ್ಪಿಸಿದವರ ಮೇಲೂ ಬಳಸಿ ಪೊಲೀಸರಿಗೆ ದೂರು ಕೊಡಲಾಯಿತು. ಸಾಲ ತೀರಿಸದವರನ್ನು ಜೈಲಿಗೆ ಕಳಿಸುವಂತಿಲ್ಲ ಎಂಬುದು ಅಮೆರಿಕದಲ್ಲಿ ಎಂದೋ ಇತ್ಯರ್ಥವಾದ ವಿಷಯ. ಬಾಡಿಗೆ ಎಂದು ಹೆಸರಿಟ್ಟರೆ ಆ ರಕ್ಷಣೆಯೂ ಕೈತಪ್ಪುತ್ತದೆ.

ಈಗ ಈ ವ್ಯಾಪಾರ ಸ್ವಂತ ಮಳಿಗೆಯನ್ನೂ ಬಿಟ್ಟು ಹೊರಟಿದೆ. ಹಾಸಿಗೆ, ಮೊಬೈಲ್, ಕಾರಿನ ಟೈರು ಮಾರುವ ಮಾಮೂಲಿ ಅಂಗಡಿಗಳ ಕೌಂಟರಿನಲ್ಲೇ ‘ಲೀಸ್’ ಕಂಪನಿಗಳು ನಿಂತಿವೆ. ಬ್ಯಾಂಕ್ ಸಾಲ ನಿರಾಕರಿಸಿದ ಕೂಡಲೆ ಅಂಗಡಿ ಹುಡುಗ ಇವರ ಅರ್ಜಿಯನ್ನು ಮುಂದಿಡುತ್ತಾನೆ. ಅಂಥ ಒಂದು ಕಂಪನಿ ‘ಪ್ರೊಗ್ರೆಸಿವ್ ಲೀಸಿಂಗ್’. ಗಿರಾಕಿಗಳಿಗೆ ‘ನಗದು ಬೆಲೆಯೇ’ ಎಂಬ ಭಾವನೆ ಬರುವಂತೆ ಮಾಡಿ, ಹಲವರಿಂದ ಚೀಟಿಯ ಬೆಲೆಯ ಸುಮಾರು ಇಮ್ಮಡಿ ವಸೂಲು ಮಾಡಿತೆಂಬ ಆರೋಪದಲ್ಲಿ ಅದು 2020ರಲ್ಲಿ ಎಫ್‌ಟಿಸಿಗೆ 17.5 ಕೋಟಿ ಡಾಲರ್ ಕಟ್ಟಲು ಒಪ್ಪಿತು. ನಾಯಿಮರಿಗಳನ್ನೂ ಲೀಸಿಗೆ ಕೊಡುವ ವ್ಯವಹಾರ ನಡೆದು, 2017ರಲ್ಲಿ ಕ್ಯಾಲಿಫೋರ್ನಿಯಾ ಮತ್ತು ನೆವಾಡಾ ಅದನ್ನು ನಿಷೇಧಿಸಬೇಕಾಯಿತು. ಮನೆಯವರು ಹೆಸರಿಟ್ಟು ಸಾಕಿದ ನಾಯಿಯ ಯಜಮಾನಿಕೆ ಕೊನೆಯ ಕಂತಿನವರೆಗೆ ಹಣಕಾಸು ಕಂಪನಿಯದೇ ಆಗಿತ್ತು!

ಬ್ರಿಟನ್ ಹಾಕಿದ ಮಿತಿ

ಬ್ರಿಟನ್ನಿನಲ್ಲಿ ಈ ಜಗಳಕ್ಕೆ ಹೆಚ್ಚು ವಯಸ್ಸು. 1930ರ ದಶಕದಲ್ಲಿ ಅಲ್ಲಿನ ಕೆಲವು ವ್ಯಾಪಾರಿಗಳು ಕೊನೆಯ ಒಂದೆರಡು ಕಂತು ಉಳಿದಾಗ ತಪ್ಪು ಹುಡುಕಿ ಪೀಠೋಪಕರಣ ಹೊತ್ತೊಯ್ಯುತ್ತಿದ್ದರು. ಸಂಸದೆ ಎಲೆನ್ ವಿಲ್ಕಿನ್ಸನ್ ಹೋರಾಡಿ 1938ರಲ್ಲಿ ಕಾನೂನು ತಂದರು. ಬೆಲೆಯ ಮೂರನೇ ಒಂದು ಭಾಗ ಕಟ್ಟಿದ ಮೇಲೆ ಕೋರ್ಟಿನ ಆದೇಶವಿಲ್ಲದೆ ವಸ್ತುವನ್ನು ಎಳೆದೊಯ್ಯುವಂತಿಲ್ಲ ಎಂಬ ನಿಯಮ ಆ ದೇಶದಲ್ಲಿ ಇಂದಿಗೂ ಇದೆ.

ಆದರೂ ಬೆಲೆಗೆ ಕಡಿವಾಣ ಬೀಳಲು ಮತ್ತೆ 80 ವರ್ಷ ಹಿಡಿಯಿತು. ಪೇಟೆಯಲ್ಲಿ 300 ಪೌಂಡಿನೊಳಗೆ ಸಿಗುವ ವಿದ್ಯುತ್ ಒಲೆಗೆ ಬಾಡಿಗೆ-ಖರೀದಿಯಲ್ಲಿ 1,500 ಪೌಂಡಿನಷ್ಟು ತೆತ್ತವರನ್ನು ಅಲ್ಲಿನ ಹಣಕಾಸು ನಿಯಂತ್ರಕ ಸಂಸ್ಥೆ ಎಫ್‌ಸಿಎ ಕಂಡಿತು. ಆ ಕ್ಷೇತ್ರದ ಅತಿ ದೊಡ್ಡ ಕಂಪನಿ ‘ಬ್ರೈಟ್‌ಹೌಸ್’ 2017ರಲ್ಲಿ 2,49,000 ಗಿರಾಕಿಗಳಿಗೆ 1.48 ಕೋಟಿ ಪೌಂಡ್ ಪರಿಹಾರ ಕೊಡಬೇಕಾಗಿ ಬಂತು. 2019ರ ಏಪ್ರಿಲ್‌ನಿಂದ ಮಿತಿ ಜಾರಿಯಾಯಿತು. ಬಡ್ಡಿ ಮತ್ತು ಶುಲ್ಕದ ಮೊತ್ತ ವಸ್ತುವಿನ ಬೆಲೆಗಿಂತ ಹೆಚ್ಚಾಗಬಾರದು, ಆ ಬೆಲೆಯನ್ನೂ ಮೂರು ಮಾಮೂಲಿ ಅಂಗಡಿಗಳ ದರದೊಂದಿಗೆ ತಾಳೆ ನೋಡಿಯೇ ಇಡಬೇಕು. ಮೊದಲೇ ಹೇಳಿದ ‘ನಗದು ಬೆಲೆ’ಯ ಕಳ್ಳಗಿಂಡಿಯನ್ನು ಮುಚ್ಚಿದ್ದು ಈ ಎರಡನೆಯ ಷರತ್ತು.

ಒಂದು ವರ್ಷ ತುಂಬುವ ಮೊದಲೇ, 2020ರ ಮಾರ್ಚ್ ಕೊನೆಯಲ್ಲಿ, ಬ್ರೈಟ್‌ಹೌಸ್ ದಿವಾಳಿಯಾಯಿತು. ತೀರಿಸಲಾಗದವರಿಗೆ ಸಾಲ ಕೊಟ್ಟದ್ದಕ್ಕೆ ಬಂದ ಪರಿಹಾರದ ಅರ್ಜಿಗಳು ಅದನ್ನು ಮೊದಲೇ ಹಣ್ಣು ಮಾಡಿದ್ದವು, ಕೋವಿಡ್ ಲಾಕ್‌ಡೌನ್ ಕೊನೆಯ ಏಟು ಕೊಟ್ಟಿತು. ಸುಮಾರು 240 ಅಂಗಡಿ ಮುಚ್ಚಿದವು. ಸುಲಿಗೆ ನಿಂತಿತೆಂದು ಹಲವರು ನಿಟ್ಟುಸಿರು ಬಿಟ್ಟರು. ಆದರೆ ಅಂಗಡಿ ಮುಚ್ಚಿದ ಮಾತ್ರಕ್ಕೆ ಕೆಟ್ಟ ಫ್ರಿಜ್ಜು ಸರಿಹೋಗುವುದಿಲ್ಲ. ನಾಳೆ ಆ ಮನೆಯವರು ಯಾರ ಬಾಗಿಲು ತಟ್ಟಬೇಕು ಎಂಬುದಕ್ಕೆ ಬೆಲೆಯ ಮಿತಿಯೊಂದೇ ಉತ್ತರ ಕೊಡಲಾರದು.

ಉತ್ತರಗಳು ಸಣ್ಣ ಪ್ರಮಾಣದಲ್ಲಿ ಇವೆ. ಬ್ರಿಟನ್ನಿನ ‘ಫೇರ್ ಫಾರ್ ಯೂ’ ಎಂಬ ಲಾಭದ ಗುರಿಯಿಲ್ಲದ ಸಂಸ್ಥೆ ಗೃಹೋಪಯೋಗಿ ವಸ್ತುಗಳಿಗೆಂದೇ ಸಾಲ ಕೊಡುತ್ತದೆ. ಅಮೆರಿಕದಲ್ಲಿ ನಮ್ಮ ಪತ್ತಿನ ಸಹಕಾರ ಸಂಘಗಳನ್ನು ಹೋಲುವ ಕ್ರೆಡಿಟ್ ಯೂನಿಯನ್ನುಗಳು ಸದಸ್ಯರಿಗೆ 2,000 ಡಾಲರಿನವರೆಗೆ ಕಿರುಸಾಲ ಕೊಡಬಹುದು. ಬಡ್ಡಿ ಶೇ 28 ಮೀರುವಂತಿಲ್ಲ, ಅರ್ಜಿ ಶುಲ್ಕ 20 ಡಾಲರ್ ಮೀರುವಂತಿಲ್ಲ. ಅದೇ 600 ಡಾಲರನ್ನು ಒಂದು ವರ್ಷಕ್ಕೆ ಹೀಗೆ ಪಡೆದರೆ ತಿಂಗಳಿಗೆ ಸುಮಾರು 58 ಡಾಲರ್, ಒಟ್ಟು 695ರ ಆಸುಪಾಸು. ಶೇ 28 ಎಂದರೆ ನಮಗೆ ಹೆಚ್ಚೆನಿಸಬಹುದು. 1,716ರ ಪಕ್ಕದಲ್ಲಿಟ್ಟು ನೋಡಿದರೆ ಸಾವಿರ ಡಾಲರಿನ ವ್ಯತ್ಯಾಸ.

ನಮ್ಮ ಕಂತುಗಳು

ಓದಲು, ದುಡಿಯಲು ಅಮೆರಿಕಕ್ಕೆ ಹೋಗಿಳಿಯುವ ಕನ್ನಡಿಗರಿಗೂ ಮೊದಲ ದಿನ ಕ್ರೆಡಿಟ್ ಸ್ಕೋರ್ ಇರುವುದಿಲ್ಲ. ಆದರೂ ಅವರಲ್ಲಿ ಹೆಚ್ಚಿನವರು ಈ ಮಳಿಗೆಗಳತ್ತ ಸುಳಿಯುವುದಿಲ್ಲ. ಊರು ಬಿಡುವ ಸೀನಿಯರ್ ವಿದ್ಯಾರ್ಥಿಯ ಹಾಸಿಗೆ, ಕನ್ನಡ ಕೂಟದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಿಗುವ ಹಳೆಯ ಸೋಫಾ, ಯಾರೋ ಕೈಗಡ ಕೊಡುವ ನೂರು ಡಾಲರ್ ಅವರನ್ನು ಕಾಯುತ್ತವೆ. ಬಾಡಿಗೆ ಮಳಿಗೆಯ ಗಿರಾಕಿಗೆ ಸ್ಕೋರಿನ ಜೊತೆಗೆ ಈ ಬಳಗವೂ ಇಲ್ಲ, ಅಥವಾ ಇರುವ ಬಳಗವೂ ಅವರಷ್ಟೇ ಬರಿಗೈಯದು.

ಭಾರತದಲ್ಲಿ ಬಾಡಿಗೆ-ಖರೀದಿಗೆಂದೇ 1972ರಲ್ಲಿ ಒಂದು ಕಾಯ್ದೆ ಪಾಸಾಗಿತ್ತು. ಅದು ಒಂದು ದಿನವೂ ಜಾರಿಗೆ ಬಾರದೆ 2005ರಲ್ಲಿ ರದ್ದಾಯಿತು. ಬೆಂಗಳೂರಿನಲ್ಲಿ ಬೆಳೆದ ಪೀಠೋಪಕರಣ ಬಾಡಿಗೆ ಕಂಪನಿಗಳ ಗಿರಾಕಿಗಳು ಊರೂರು ಬದಲಿಸುವ ಸಂಬಳದಾರರು. ಅವರಿಗೆ ಬಾಡಿಗೆ ನಿಜಕ್ಕೂ ಬಾಡಿಗೆಯೇ. ನಮ್ಮ ಬಡ, ಮಧ್ಯಮ ಮನೆಗಳಿಗೆ ಟಿ.ವಿ., ಮೊಬೈಲು ಬರುವುದು ಇಎಂಐ ದಾರಿಯಲ್ಲಿ. ‘ಸೊನ್ನೆ ಬಡ್ಡಿ’ ಎಂಬುದು ವಾಸ್ತವದಲ್ಲಿ ಇಲ್ಲದ್ದು ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. 2024ರ ಅಕ್ಟೋಬರ್‌ನಿಂದ ಬ್ಯಾಂಕು, ಹಣಕಾಸು ಕಂಪನಿಗಳು ಕೊಡುವ ಬಿಡಿ ಸಾಲಗಳಿಗೆಲ್ಲ ಮುಖ್ಯಾಂಶಗಳ ಪತ್ರ ಕಡ್ಡಾಯವಾಗಿದೆ. ಎಲ್ಲ ಶುಲ್ಕ ಸೇರಿದ ವಾರ್ಷಿಕ ದರ ಅದರಲ್ಲಿ ಇರಲೇಬೇಕು. ಸಾಲ ಪಡೆಯುವವರು ಆ ಒಂದು ಹಾಳೆಯನ್ನು ಕೇಳಿ ಪಡೆದು ಓದಬೇಕು.

ಅಮೆರಿಕದ ಈ ಮಳಿಗೆಗಳಿಂದ ನಾವು ಕಲಿಯಬೇಕಾದದ್ದೂ ಇಲ್ಲೇ ಇದೆ. ಅಲ್ಲಿ ಸಾಲದ ಕಾನೂನು ಗಟ್ಟಿಯಾಗಿಯೇ ಇತ್ತು, ಆದರೆ ವ್ಯವಹಾರಕ್ಕೆ ಬೇರೆ ಹೆಸರಿಟ್ಟವರು ಅದರ ಹೊರಗೆ ಉಳಿದರು. ನಾಳೆ ನಮ್ಮಲ್ಲೂ ಯಾರಾದರೂ ಕಂತಿಗೆ ‘ಚಂದಾ’ ಎಂದೋ ‘ಲೀಸ್’ ಎಂದೋ ಹೆಸರಿಟ್ಟು ಬಂದರೆ ಮುಖ್ಯಾಂಶಗಳ ಪತ್ರದ ನಿಯಮ ಅವರನ್ನು ಹಿಡಿಯುತ್ತದೆಯೇ ಎಂಬುದನ್ನು ಈಗಲೇ ಕೇಳಬೇಕು. ಕಟ್ಟುತ್ತ ಹೋದರೆ ವಸ್ತು ಕೊನೆಗೆ ಗಿರಾಕಿಯದಾಗುವ ಯಾವ ವ್ಯವಹಾರವೇ ಇರಲಿ, ಅದನ್ನು ಸಾಲವೆಂದು ಎಣಿಸಿ ದರ ಬರೆಯಿಸುವುದು ಸರ್ಕಾರದ ಕೆಲಸ. ಹೆಸರೇನು ಎಂಬುದನ್ನು ಅಂಗಡಿಯವನ ಇಷ್ಟಕ್ಕೆ ಬಿಟ್ಟರೆ, ಬಡ್ಡಿಯನ್ನೂ ಅವನ ಇಷ್ಟಕ್ಕೇ ಬಿಟ್ಟಂತೆ.